ಟೀಪಾಟೂ ಚಹಾ ಕುಡಿಯುತ್ತದೆ!

ಅಂಚೆಚೀಟಿ ಸಂಗ್ರಹಿಸುವವರು ಆ ಚೀಟಿಯನ್ನು ಮತ್ತೆ ಲಕೋಟೆಗೆ ಅಂಟಿಸುವುದಿಲ್ಲ. ಹಳೆಯ ನಾಣ್ಯ ಕೂಡಿಡುವವರು ಅದನ್ನು ಕೊಟ್ಟು ತರಕಾರಿ ತರುವುದಿಲ್ಲ. ಸಂಗ್ರಹಕ್ಕೆ ಸೇರಿತೆಂದರೆ ವಸ್ತು ಕೆಲಸದಿಂದ ನಿವೃತ್ತಿ ಪಡೆಯಿತೆಂದೇ ಲೆಕ್ಕ. ಆದರೆ ಹಳೆಯ ಟೀಪಾಟ್‌ಗಳ ಗೀಳು ಹತ್ತಿಸಿಕೊಂಡವರ ಕಥೆ ಬೇರೆ. ನೂರು ವರ್ಷದ ಪಾಟನ್ನು ಕಪಾಟಿನಿಂದ ಇಳಿಸಿ, ಅದೇ ಸಂಜೆ ಅದರಲ್ಲೇ ಚಹಾ ಬಸಿದು ಕುಡಿಯಬಹುದು. ಹಾಗೆ ಬಳಸಿದಷ್ಟೂ ಪಾಟಿನ ಅಂದ ಹೆಚ್ಚುತ್ತದೆ ಎನ್ನುತ್ತಾರೆ ಚೀನದ ಚಹಾ ರಸಿಕರು.

ಅವರು ಹೇಳುವುದು ಯಿಶಿಂಗ್‌ನ ಪಾಟ್‌ಗಳ ಬಗ್ಗೆ. ಜಿಯಾಂಗ್ಸು ಪ್ರಾಂತ್ಯದಲ್ಲಿ, ತಾಯ್ ಸರೋವರದ ಪಶ್ಚಿಮಕ್ಕಿರುವ ಊರು ಇದು. ಇಲ್ಲಿನ ಮಣ್ಣಿಗೆ ‘ಜಿಶಾ’, ಅಂದರೆ ನೇರಳೆ ಮರಳು ಎಂದು ಹೆಸರು. ಅಂಗೈಯಲ್ಲಿ ಕೂರುವಷ್ಟು ಪುಟ್ಟ ಪಾಟ್‌ಗಳು. ನಮ್ಮ ಗಿಂಡಿಗೆ ಹಿಡಿಯೊಂದು, ಮುಚ್ಚಳವೊಂದು ಕೂಡಿಸಿದಂತೆ.

ಚಹಾ ಹಿರಿಯ, ಪಾಟ್ ಕಿರಿಯ

ಚೀನೀಯರು ಎರಡು ಸಾವಿರ ವರ್ಷಗಳಿಂದ ಚಹಾ ಬಲ್ಲರು. ಆದರೆ ಟೀಪಾಟಿಗೆ ಅಷ್ಟು ವಯಸ್ಸಿಲ್ಲ. ಮೊದಲು ಚಹಾ ಎಲೆಯನ್ನು ಬಿಲ್ಲೆಯಾಗಿ ಒತ್ತಿಟ್ಟು, ಬೇಕೆಂದಾಗ ಪುಡಿಮಾಡಿ, ಬಟ್ಟಲಲ್ಲಿ ಬಿಸಿನೀರಿನೊಂದಿಗೆ ಕಡೆದು ಕುಡಿಯುತ್ತಿದ್ದರು. 1391ರಲ್ಲಿ ಮಿಂಗ್ ವಂಶದ ಮೊದಲ ಚಕ್ರವರ್ತಿ ಹೊಂಗ್‌ವು, ಅರಮನೆಗೆ ಕಾಣಿಕೆಯಾಗಿ ಬರುತ್ತಿದ್ದ ಬಿಲ್ಲೆ ಚಹಾವನ್ನು ನಿಲ್ಲಿಸಿ, ಬಿಡಿ ಎಲೆ ಸಾಕು ಎಂದ. ಬಿಡಿ ಎಲೆಯನ್ನು ನೆನೆಸಿಡಲು ಪಾತ್ರೆ ಬೇಕಾಯಿತು. ಟೀಪಾಟಿನ ಅದೃಷ್ಟ ಖುಲಾಯಿಸಿತು.

ಯಿಶಿಂಗ್‌ನ ಮೊದಲ ಹೆಸರಾಂತ ಕುಶಲಕರ್ಮಿ ಗೊಂಗ್ ಚುನ್ ಹದಿನಾರನೆಯ ಶತಮಾನದವನು. ಪಂಡಿತನೊಬ್ಬನ ಮನೆಯಾಳಾಗಿದ್ದ ಈತ ದೇವಾಲಯದ ಭಿಕ್ಷುವಿನ ಕೈಕೆಲಸ ನೋಡಿ ಕಲಿತನೆಂದು ಪ್ರತೀತಿ. ಇಲ್ಲಿನ ಒಳ್ಳೆಯ ಪಾಟ್‌ಗಳು ತಿಗರಿಯ ಮೇಲೆ ತಿರುಗಿ ಹುಟ್ಟುವುದಿಲ್ಲ. ಮಣ್ಣನ್ನು ಮರದ ಹಲಗೆಯಿಂದ ಬಡಿದು ಹಾಳೆಯಾಗಿಸಿ, ಸುತ್ತಿ, ತಟ್ಟಿ ಆಕಾರ ಕೊಡುತ್ತಾರೆ. ಸುಟ್ಟ ಮೇಲೆ ಮೆರುಗಿನ ಲೇಪವಿಲ್ಲ.

ಪಳಗಿದ ಕಾವಲಿಯಂತೆ

ಗುಟ್ಟು ಇರುವುದೇ ಇಲ್ಲಿ. ಲೇಪವಿಲ್ಲದ ಮಣ್ಣಿನ ಸೂಕ್ಷ್ಮ ರಂಧ್ರಗಳು ಚಹಾವನ್ನು ಚೂರುಚೂರೇ ಹೀರುತ್ತವೆ. ದಿನವೂ ಚಹಾ ಬಸಿದು, ಮೈ ಒರೆಸಿ, ಕೈಯಲ್ಲಿ ಹಿಡಿದಾಡಿದರೆ ಮಂಕಾಗಿದ್ದ ಮೈಗೆ ವರ್ಷಗಳಲ್ಲಿ ಒಳಗಿನಿಂದಲೇ ಬಂದಂಥ ಹೊಳಪು ಏರುತ್ತದೆ. ಚೀನೀಯರು ಇದನ್ನು ‘ಪಾಟ್ ಸಾಕುವುದು’ ಎನ್ನುತ್ತಾರೆ. ದೋಸೆ ಕಾವಲಿಯನ್ನು ಪಳಗಿಸಿದ ನಮ್ಮ ಗೃಹಿಣಿಯರಿಗೆ ಇದನ್ನು ವಿವರಿಸಬೇಕಿಲ್ಲ. ಸೋಪು ತಾಗಿಸಬಾರದು ಎಂಬ ಕಟ್ಟಳೆ ಎರಡಕ್ಕೂ ಒಂದೇ. ಒಂದು ಪಾಟಿಗೆ ಒಂದೇ ಬಗೆಯ ಚಹಾ ಎಂಬ ವ್ರತ ಹಿಡಿದವರೂ ಇದ್ದಾರೆ. ರುಚಿ ಎಷ್ಟು ಹೆಚ್ಚುತ್ತದೆ ಎಂಬ ಬಗ್ಗೆ ವಾದವಿದೆ. ಹೊಳಪಿಗೆ ಮಾತ್ರ ಕಣ್ಣೇ ಸಾಕ್ಷಿ.

ಕುಡಿಯುವ ಕ್ರಮವೂ ನಿಧಾನದ್ದೇ. ಪಾಟನ್ನು ಬಿಸಿನೀರಿನಿಂದ ಬೆಚ್ಚಗೆ ಮಾಡಿ, ಊಲಾಂಗ್ ಎಲೆಯನ್ನು ಧಾರಾಳವಾಗಿ ಹಾಕಿ, ಮೊದಲ ನೀರನ್ನು ಚೆಲ್ಲುತ್ತಾರೆ. ಬಳಿಕ ಒಂದೊಂದು ಬಾರಿಯೂ ಕೆಲವೇ ಸೆಕೆಂಡು ನೆನೆಸಿ, ಗುಟುಕು ಗಾತ್ರದ ಬಟ್ಟಲುಗಳಿಗೆ ಬಗ್ಗಿಸುತ್ತಾರೆ. ಹಾಲಿಲ್ಲ, ಸಕ್ಕರೆಯಿಲ್ಲ. ಅದೇ ಎಲೆ ಐದಾರು ಬಾರಿ ಬರುತ್ತದೆ, ಪ್ರತಿಬಾರಿ ಬೇರೆಯೇ ರುಚಿ.

ಮುಚ್ಚಳದ ಜಗಳ

ಹಳೆಯದೆಂದ ಮೇಲೆ ನಕಲಿಯೂ ಬಂತು. 1928ರಲ್ಲಿ ಛು ನಾನ್‌ಚಿಯಾಂಗ್ ಎಂಬ ವಿದ್ವಾಂಸರಿಗೆ ಸುಝೌ ನಗರದಲ್ಲಿ ಗೊಂಗ್ ಚುನ್ ಹೆಸರಿದ್ದ ಪಾಟೊಂದು ಸಿಕ್ಕಿತು. ಮೈಯೆಲ್ಲ ಮರದ ಗಂಟಿನಂತೆ ಒರಟೊರಟು. ಅದರ ಮುಚ್ಚಳ ಮಾತ್ರ ಕುಶಲಕರ್ಮಿ ಹುವಾಂಗ್ ಯುಲಿನ್ ನಂತರ ಮಾಡಿ ಸೇರಿಸಿದ್ದು. ಕುಂಬಳದ ತೊಟ್ಟಿನಂತಿದ್ದ ಅದು ಮರದ ಗಂಟಿಗೆ ಒಪ್ಪುವುದಿಲ್ಲ ಎಂದು ಚಿತ್ರಕಾರ ಹುವಾಂಗ್ ಬಿನ್‌ಹೊಂಗ್ ತಕರಾರು ತೆಗೆದರು. ಪೈ ಷಿಮಿನ್ ಎಂಬ ಮತ್ತೊಬ್ಬ ಕುಶಲಕರ್ಮಿ ಹೊಸ ಮುಚ್ಚಳ ಮಾಡಿಕೊಟ್ಟರು. ಪಾಟ್ ಈಗ ಬೀಜಿಂಗ್‌ನ ರಾಷ್ಟ್ರೀಯ ವಸ್ತುಸಂಗ್ರಹಾಲಯದಲ್ಲಿದೆ. ಮುಚ್ಚಳದ ಜಗಳ ಮುಗಿಯಿತು. ಪಾಟೇ ಗೊಂಗ್ ಚುನ್‌ನದೇ ಎಂಬ ಅನುಮಾನ ಮುಗಿದಿಲ್ಲ.

ಇನ್ನೊಂದು ತಮಾಷೆ ಕೇಳಿ. ಗು ಜಿಂಗ್‌ಝೌ (1915-1996) 1930ರ ದಶಕದಲ್ಲಿ ಶಾಂಘೈನ ಹಳೆಯ ವಸ್ತುಗಳ ವ್ಯಾಪಾರಿಯೊಬ್ಬನಿಗಾಗಿ ಹಿಂದಿನ ಘಟಾನುಘಟಿಗಳ ಪಾಟ್‌ಗಳ ಪ್ರತಿ ಮಾಡುತ್ತಿದ್ದ ತರುಣ. ಮುಂದೆ ಅವರೇ ಶತಮಾನದ ಮೇರು ಕುಶಲಕರ್ಮಿ ಎನಿಸಿದರು. ಅಳಿಲು-ದ್ರಾಕ್ಷಿ ಚಿತ್ತಾರದ ಅವರದೊಂದು ಸೆಟ್ 2015ರ ಬೀಜಿಂಗ್ ಹರಾಜಿನಲ್ಲಿ 9 ಕೋಟಿ ಯುವಾನ್‌ಗೂ ಮೀರಿ ಬೆಲೆ ಕಂಡಿತು. ಈಗ ನಕಲಿಯಾಗುತ್ತಿರುವುದು ಅವರ ಪಾಟ್‌ಗಳೇ!

ಗಾಜಿನ ಹಿಂದೆಯೋ, ಕೈಯಲ್ಲೋ?

ಹಾಂಗ್‌ಕಾಂಗ್‌ನಲ್ಲಿ ‘ವೀಟಾಸಾಯ್’ ಸೋಯಾ ಹಾಲಿನ ಉದ್ಯಮ ಕಟ್ಟಿದ ಕೆ.ಎಸ್. ಲೋ ತಮ್ಮ ಸಂಗ್ರಹವನ್ನು ಸಾರ್ವಜನಿಕರಿಗೇ ಕೊಟ್ಟರು. 1984ರಲ್ಲಿ ಫ್ಲ್ಯಾಗ್‌ಸ್ಟಾಫ್ ಹೌಸ್‌ನಲ್ಲಿ ಚಹಾ ಪರಿಕರಗಳ ವಸ್ತುಸಂಗ್ರಹಾಲಯ ತೆರೆಯಿತು. ಇಂಥ ಕಡೆ ಪಾಟ್‌ಗಳು ಒಡೆಯುವ ಭಯವಿಲ್ಲದೆ ಉಳಿಯುತ್ತವೆ, ಯಾರು ಬೇಕಾದರೂ ನೋಡಬಹುದು. ಆದರೆ ಗಾಜಿನ ಹಿಂದಿನ ಪಾಟಿಗೆ ಚಹಾ ಇಲ್ಲ, ಕೈಯ ಬಿಸಿಯಿಲ್ಲ. ಬಳಸಿದರೆ ಒಂದು ದಿನ ಕೈಜಾರಿ ಮೂತಿ ಮುರಿಯಬಹುದು. ಬಳಸದಿದ್ದರೆ ಹೊಳಪು ಅಲ್ಲಿಗೇ ನಿಲ್ಲುತ್ತದೆ. ಪ್ರತಿಯೊಬ್ಬ ಸಂಗ್ರಾಹಕನೂ ಇದನ್ನು ತನ್ನಷ್ಟಕ್ಕೆ ತೀರ್ಮಾನಿಸಲೇಬೇಕು.

ನಿಮಗೂ ಗೀಳು ಹತ್ತುವಂತಿದ್ದರೆ ಎರಡು ಮಾತು. ಪಾಟಿಗೆ ನೀರು ತುಂಬಿ, ಮುಚ್ಚಳದ ಸಣ್ಣ ತೂತನ್ನು ಬೆರಳಿನಿಂದ ಮುಚ್ಚಿ ಬಗ್ಗಿಸಿ. ಒಳಗೆ ಗಾಳಿ ಹೋಗದೆ ನೀರು ನಿಂತರೆ ಮುಚ್ಚಳ ಕರಾರುವಾಕ್ಕಾಗಿ ಕೂತಿದೆ, ಮಾಡಿದವನ ಕೈ ಪಳಗಿದೆ ಎಂದರ್ಥ. ಎರಡನೆಯದು, ಮೆರುಗು ಲೇಪಿಸಿದ ಹಳೆಯ ಪಾಟ್‌ಗಳ ಲೇಪದಲ್ಲಿ ಸೀಸ ಇರಬಹುದು; ಅವು ನೋಡಲಷ್ಟೇ ಇರಲಿ. ಶೂ ಪಾಲಿಶ್ ತಿಕ್ಕಿ ಹಳೆತನ ಬರಿಸುವ ಚಾಲಾಕಿಗಳೂ ಇದ್ದಾರೆ, ಮೂಸಿ ನೋಡಿ. ಅಂಗಡಿಯಲ್ಲಿ ಹೊಳಪು ಕೊಳ್ಳುವ ಬದಲು ಸಾದಾ ಪಾಟೊಂದನ್ನು ತಂದು ನೀವೇ ಪಳಗಿಸುವುದು ಮೇಲು. ಅದಕ್ಕೆ ಹಿಡಿಯುವ ವರ್ಷಗಳನ್ನು ಯಾವ ನಕಲಿಗಾರನೂ ಮಾಡಿಕೊಡಲಾರ.