ಕ್ರಾಸಿಂಗ್ ಮುಗೀತು, ನೆಪವೂ ಮುಗೀತು

ನಮ್ಮ ಹಾನಗಲ್ಲಿಗೆ ರೈಲಿಲ್ಲ. ಹಾವೇರಿಯಲ್ಲಿ ಇಳಿದು ಬಸ್ ಹಿಡಿಯಬೇಕು. ಚಿಕ್ಕವನಿದ್ದಾಗ ರೈಲು ಯಾವುದೋ ಸಣ್ಣ ಸ್ಟೇಷನ್ನಿನಲ್ಲಿ ನಿಂತರೆ ಅಪ್ಪ, "ಕ್ರಾಸಿಂಗ್ ಐತಿ, ಸುಮ್ನ ಕುಂದ್ರು" ಅನ್ನುತ್ತಿದ್ದರು. ಹಳಿ ಒಂದೇ; ಎರಡು ಸ್ಟೇಷನ್ ನಡುವೆ ಒಂದು ಸಲಕ್ಕೆ ಒಂದೇ ಗಾಡಿ. ಎದುರಿನದು ಬರುವವರೆಗೂ ನಮ್ಮದು ಕಾಯಬೇಕು. ಮೀಟರ್‌ಗೇಜ್ ಹೋಗಿ ಬ್ರಾಡ್‌ಗೇಜ್ ಬಂದರೂ ಈ ಕಾಯೋದು ತಪ್ಪಿರಲಿಲ್ಲ.

ತಪ್ಪಿಸಿದ್ದು ಜೋಡಿ ಹಳಿ: ಹೋಗೋಕೆ ಒಂದು, ಬರೋಕೆ ಒಂದು. ವಿದ್ಯುತ್ ತಂತಿ ಬಂದ ಮೇಲೆ ಗಾಡಿ ಬೇಗ ವೇಗ ಹಿಡಿಯುತ್ತದೆ, ಹಳಿ ಬೇಗ ಖಾಲಿಯಾಗುತ್ತದೆ, ಹಿಂದಿನ ಗಾಡಿಗೆ ದಾರಿ ಸಿಗುತ್ತದೆ. 2023ರ ಜೂನ್ 27ರಂದು ಇದೇ ಮಾರ್ಗದಲ್ಲಿ ಬೆಂಗಳೂರು–ಧಾರವಾಡ ವಂದೇ ಭಾರತ್ ಶುರುವಾಯಿತು.

ಮೊನ್ನೆ ಫೋನಿನಲ್ಲಿ ಅವ್ವ ಕೇಳಿದಳು: "ಈಗ ಕ್ರಾಸಿಂಗೂ ಇಲ್ಲಂತಲ್ಲೋ, ಮತ್ತ ಯಾಕ ಬರವಲ್ಲಿ?"

ಉತ್ತರ ಹೊಳೆಯಲಿಲ್ಲ. ಟಿಕೆಟ್ ಬುಕ್ ಮಾಡಿದೆ.