ಫೋಲ್ಡರ್ ಬದಲಿಸಿದರೆ ಇತಿಹಾಸ ಅಳಿಸಿಹೋಗುತ್ತದೆಯೇ?

ಮುಕ್ತ ತಂತ್ರಾಂಶದ ಯೋಜನೆಯೊಂದಕ್ಕೆ ಹೊಸದಾಗಿ ಸೇರಿದವರು 'ಈ ಕಡತ ಇಲ್ಲೇಕಿದೆ, ಬೇರೆ ಫೋಲ್ಡರಿಗೆ ಸಾಗಿಸೋಣವೇ?' ಎಂದು ಕೇಳಿದರೆ ಹಳಬರಲ್ಲಿ ಒಬ್ಬರಾದರೂ 'ಮುಟ್ಟಬೇಡಿ, ಹಿಸ್ಟರಿ ಹೋಗುತ್ತೆ' ಎನ್ನುತ್ತಾರೆ. ಇದು ಕಡತಗಳ ಬದಲಾವಣೆಗಳ ಇತಿಹಾಸ ಕಾಪಾಡುವ ಹಳೆಯ ಉಪಕರಣವಾದ ಸಿವಿಎಸ್ ಕಾಲದ ಹೆದರಿಕೆ. ಅದರಲ್ಲಿ ಕಡತದ ಹೆಸರು ಬದಲಿಸುವ ಸೌಲಭ್ಯವೇ ಇರಲಿಲ್ಲ. ಹಳೆಯದನ್ನು ಅಳಿಸಿ ಹೊಸದನ್ನು ಸೇರಿಸಬೇಕಿತ್ತು. ಹೊಸ ಕಡತ ಹಿಂದುಮುಂದಿಲ್ಲದ ಅನಾಥ. 2004ರಲ್ಲಿ ಬಂದ ಸಬ್‌ವರ್ಷನ್ 1.0 ಆ ಕೊರತೆ ನೀಗಿಸಿತು. ಹೆದರಿಕೆ ಮಾತ್ರ ಹೋಗಲಿಲ್ಲ.

ಗಿಟ್‌ನ ರೀತಿಯೇ ಬೇರೆ. 2005ರಲ್ಲಿ ಲಿನಸ್ ಟೊರ್ವಾಲ್ಡ್ಸ್ ಶುರುಮಾಡಿದ ಈ ಉಪಕರಣ ಹೆಸರು ಬದಲಾದದ್ದನ್ನು ಎಲ್ಲೂ ಬರೆದಿಟ್ಟುಕೊಳ್ಳುವುದೇ ಇಲ್ಲ. 'ಗಿಟ್ ಎಂವಿ' ಆಜ್ಞೆ ಬಳಸಿದರೂ ಅಷ್ಟೇ, ಕೈಯಾರೆ ಸಾಗಿಸಿ ಸೇರಿಸಿದರೂ ಅಷ್ಟೇ. ಕೇಳಿದಾಗಷ್ಟೇ ಅದು ಕಮಿಟ್‌ಗಳನ್ನು, ಅಂದರೆ ಆಗಾಗ ದಾಖಲಿಸಿಟ್ಟ ಸ್ಥಿತಿಗಳನ್ನು, ಹೋಲಿಸಿ, ಮಾಯವಾದ ಕಡತಕ್ಕೂ ಹೊಸದಕ್ಕೂ ಅರ್ಧದಷ್ಟಾದರೂ ಹೋಲಿಕೆಯಿದ್ದರೆ 'ಅದೇ ಇದು' ಎನ್ನುತ್ತದೆ, ಮುಖ ನೋಡಿ ಮನೆತನ ಹೇಳುವ ಊರಜ್ಜಿಯ ಹಾಗೆ. ಸಾಗಿಸುವ ಕಮಿಟ್‌ನಲ್ಲೇ ಕಡತವನ್ನು ವಿಪರೀತ ತಿದ್ದಿದರೆ ಅಜ್ಜಿಗೂ ಗುರುತು ಸಿಗದು. ಅಪಾಯವಿರುವುದು ಅಲ್ಲಿ. ಸಾಗಾಟಕ್ಕೊಂದು ಕಮಿಟ್, ತಿದ್ದುಪಡಿಗೆ ಇನ್ನೊಂದು ಎಂದಿಟ್ಟುಕೊಂಡರೆ ಸಾಕು. ಒಂದು ಕಡತದ 'ಗಿಟ್ ಲಾಗ್' ಹೊಸ ಹೆಸರು ಬಂದಲ್ಲಿಗೇ ನಿಂತರೆ ಗಾಬರಿ ಬೇಡ. 'ಫಾಲೋ' ಆಯ್ಕೆ ಕೊಟ್ಟರೆ ಹಿಂದಕ್ಕೂ ಹೋಗುತ್ತದೆ.

ಮೊದಲು ಸಾಗಾಟ, ಆಮೇಲೆ ತಿದ್ದುಪಡಿ: ಲಿನಕ್ಸ್ ಕರ್ನೆಲ್‌ನವರು ಮಾಡಿದ್ದೂ ಇದನ್ನೇ. 32 ಬಿಟ್‌ನ ಐ386ಕ್ಕೆ ಒಂದು, 64 ಬಿಟ್‌ಗೆ ಇನ್ನೊಂದು ಎಂದು ಬೇರೆಬೇರೆಯಾಗಿದ್ದ ಫೋಲ್ಡರ್‌ಗಳು 2008ರ ಜನವರಿಯ 2.6.24 ಆವೃತ್ತಿಯಲ್ಲಿ ಎಕ್ಸ್86 ಎಂಬ ಒಂದೇ ಸೂರಿನಡಿ ಬಂದವು. ಆದರೆ ಒಂದೇ ಏಟಿಗೆ ಕೋಡ್ ಬೆರೆಸಲಿಲ್ಲ. ಒಂದೇ ಹೆಸರಿನ ಜೋಡಿಗಳಿಗೆ 32, 64 ಎಂಬ ಬಾಲ ಹಚ್ಚಿ ಅಕ್ಕಪಕ್ಕ ಕೂರಿಸಿದರು. ಒಳಗಿನ ಕೋಡ್ ಒಂದಾಗಿಸುವ ಕೆಲಸ ಮುಂದಿನ ಆವೃತ್ತಿಗಳಲ್ಲಿ ನಿಧಾನವಾಗಿ ನಡೆಯಿತು.

ಖಾಲಿ ಫೋಲ್ಡರ್ ಸೇರಿಸಿದ್ದೇನೆ ಎಂದುಕೊಳ್ಳುವುದು ಇನ್ನೊಂದು ಭ್ರಮೆ. ಮುಂದಿನ ಕಮಿಟ್‌ಗೆ ಸೇರುವುದರ ಪಟ್ಟಿಯಾದ ಗಿಟ್‌ನ ಇಂಡೆಕ್ಸ್‌ನಲ್ಲಿ ಕಡತಗಳಿಗಷ್ಟೇ ಜಾಗ. ಫೋಲ್ಡರ್ ಉಳಿಯಲೆಂದು ಒಳಗಿಡುವ 'ಗಿಟ್‌ಕೀಪ್' ಕಡತ ಬರೀ ರೂಢಿ. ಅದಕ್ಕೆ 'ಉಪ್ಪಿನಕಾಯಿ' ಎಂದು ಹೆಸರಿಟ್ಟರೂ ಕೆಲಸ ನಡೆಯುತ್ತದೆ.

ಟ್ರಂಕ್, ಬ್ರಾಂಚಸ್, ಟ್ಯಾಗ್ಸ್ ಎಂಬ ಮೂರು ಫೋಲ್ಡರ್ ಕಡ್ಡಾಯವೆಂಬುದೂ ಹಾಗೆಯೇ. ಸಬ್‌ವರ್ಷನ್‌ನಲ್ಲೂ ಅದು ಸಂಪ್ರದಾಯವೇ ಹೊರತು ನಿಯಮವಲ್ಲ. ಗಿಟ್‌ನಲ್ಲಂತೂ ಬ್ರಾಂಚ್ ಎಂಬುದು ಕಮಿಟ್ ಒಂದರತ್ತ ತೋರುವ ಬೆರಳು, ಫೋಲ್ಡರೇ ಅಲ್ಲ.

'ಹೆಸರಿನಲ್ಲಿ ಅಕ್ಷರ ದೊಡ್ಡದೋ ಚಿಕ್ಕದೋ, ಏನಂತೆ?' ಎನ್ನುವವರಿದ್ದಾರೆ. ದೊಡ್ಡಕ್ಷರ, ಚಿಕ್ಕಕ್ಷರಗಳ ಗೋಜಿಲ್ಲದ ಲಿಪಿಯವರಾದ ನಮಗೆ ಈ ಉದಾಸೀನ ಸಹಜ. ಆದರೆ ಕರ್ನೆಲ್‌ನ ನೆಟ್‌ಫಿಲ್ಟರ್ ಫೋಲ್ಡರಿನಲ್ಲಿ ಈ ಒಂದೇ ವ್ಯತ್ಯಾಸವಿರುವ ಕಡತಗಳ ಜೋಡಿಗಳಿವೆ. ಲಿನಕ್ಸ್‌ನಲ್ಲಿ ತೊಂದರೆಯಿಲ್ಲ. ವಿಂಡೋಸ್ ಅಥವಾ ಮ್ಯಾಕ್‌ನ ಮಾಮೂಲಿ ಡಿಸ್ಕ್ ಮೇಲೆ ಕ್ಲೋನ್ ಮಾಡಿದರೆ ಜೋಡಿಯಲ್ಲಿ ಒಂದಕ್ಕೇ ಜಾಗ. ನೀವು ಇನ್ನೂ ಏನನ್ನೂ ಮುಟ್ಟದಿದ್ದರೂ ಗಿಟ್ 'ಕಡತ ಬದಲಾಗಿದೆ' ಎಂದು ದೂರುತ್ತದೆ.