ಮಲ್ಲಿಗೆಗೆ ನೀರು, ಕರಿಬೇವಿಗೆ ಬಿಡುವು

ನಮ್ಮ ಕಡೆ ಮನೆಯ ಮುಂದೆ ನಾಲ್ಕು ಅಡಿ ಜಾಗ ಇದ್ದರೂ ಸಾಕು, ಅಲ್ಲಿ ಎರಡು ಗಿಡ ಇರಲೇಬೇಕು. ಒಂದು ದುಂಡುಮಲ್ಲಿಗೆ, ಇನ್ನೊಂದು ಕರಿಬೇವು. ಮೊದಲನೆಯದು ದೇವರಿಗೂ ಜಡೆಗೂ, ಎರಡನೆಯದು ಒಗ್ಗರಣೆಗೆ. ಎರಡನ್ನೂ ಒಂದೇ ದಿನ ತಂದು, ಅಕ್ಕಪಕ್ಕ ನೆಟ್ಟು, ದಿನಾ ಸಂಜೆ ಒಂದೊಂದು ಕೊಡ ನೀರು ಸುರಿಯುವವರು ನಮ್ಮ ಓಣಿಯಲ್ಲೇ ಬೇಕಾದಷ್ಟು ಮಂದಿ. ವರ್ಷ ತುಂಬುವುದರೊಳಗೆ ಕರಿಬೇವು ಹಳದಿಯಾಗಿ ನಿಲ್ಲುತ್ತದೆ, ಮಲ್ಲಿಗೆ ಬರೀ ಎಲೆ ಬಿಡುತ್ತದೆ. ‘ನಮ್ಮ ಕೈಗೆ ಗಿಡ ಹತ್ತಂಗಿಲ್ರೀ’ ಎಂದು ಕೈಯನ್ನು ಬೈದುಕೊಳ್ಳುತ್ತಾರೆ. ಪಾಪ, ಕೈಯದೇನು ತಪ್ಪು? ಆ ಎರಡು ಗಿಡಗಳ ನೀರಡಿಕೆಯೇ ಬೇರೆ ಬೇರೆ. ಅದರ ಮೇಲೆ ಊರೂರಿನ ಮಣ್ಣೂ ಬೇರೆ.

ನಾನು ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದವನು. ಲಿಂಗಸುಗೂರು, ಮಸ್ಕಿ, ಸಿಂಧನೂರು ಎಂದು ಒಂದೇ ರಸ್ತೆಯ ಮೇಲಿನ ಮೂರು ಊರುಗಳಲ್ಲಿ ವರ್ಗವಾಗುತ್ತಾ ನೌಕರಿ ಮುಗಿಸಿದೆ. ಪ್ರತಿ ಸಲವೂ ಮನೆ ಸಾಮಾನಿನ ಜೊತೆ ಎಣ್ಣೆ ಡಬ್ಬಿಯಲ್ಲಿ ಒಂದು ಮಲ್ಲಿಗೆ ಗಿಡ ಬರುತ್ತಿತ್ತು. ಈಗ ನಾನು, ನನ್ನ ಹೆಂಡತಿ ಸಿಂಧನೂರಿನಲ್ಲಿದ್ದೇವೆ. ಮಗಳ ಮನೆ ಲಿಂಗಸುಗೂರಿನಲ್ಲಿ. ಆರನೇ ತರಗತಿಯ ಮೊಮ್ಮಗಳು ಅಲ್ಲಿ ಇವೇ ಎರಡು ಗಿಡ ಹಾಕಿಕೊಂಡಿದ್ದಾಳೆ. ‘ತಾತ, ನಿಮ್ಮ ಮಲ್ಲಿಗಿ ಹೂ ಬಿಟ್ಟೈತಿ, ನಂದ್ಯಾಕ ಒಣಗಾಕತ್ತೈತಿ?’ ಎಂದು ಫೋನಿನಲ್ಲಿ ಕೇಳಿದಳು. ಇತ್ತ ನಮ್ಮ ಓಣಿಯಲ್ಲಿ ಯಾರ ಮನೆಯ ಕರಿಬೇವೂ ಎದೆಮಟ್ಟ ದಾಟುವುದಿಲ್ಲ. ಅವಳದು ಮಾತ್ರ ಗೋಡೆ ಮೀರಿ ಬೆಳೆದಿದೆ.

ಇಬ್ಬರೂ ಒಂದು ಪರೀಕ್ಷೆ ಮಾಡಿದೆವು. ಮಕ್ಕಳೇ, ನೀವೂ ಮಾಡಬಹುದು, ಕಾಸಿನ ಖರ್ಚಿಲ್ಲ. ಒಂದು ಅಡಿ ಆಳದ ಗುಣಿ ತೋಡಿ, ತುಂಬ ನೀರು ಹಾಕಿ, ಗಡಿಯಾರ ನೋಡುವುದು. ಅವಳ ಗುಣಿಯ ನೀರು ಅವಳು ಚಹಾ ಕುಡಿದು ಬರುವಷ್ಟರಲ್ಲಿ ಇಂಗಿಹೋಗಿತ್ತು. ನನ್ನ ಗುಣಿಯಲ್ಲಿ ಮರುದಿನ ಬೆಳಿಗ್ಗೆಯೂ ನೀರು ನಿಂತು ಗುಬ್ಬಿಗಳು ಸ್ನಾನ ಮಾಡುತ್ತಿದ್ದವು.

ಅವಳ ಅಂಗಳದ್ದು ಮಸಾರಿ, ಅಂದರೆ ಕೆಂಪು ಮಣ್ಣು. ನೀರು ಸಲೀಸಾಗಿ ಇಳಿಯುತ್ತದೆ, ಬೇಗ ಆರುತ್ತದೆ. ನಮ್ಮದು ಎರೆ. ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಕೈ ಹೋಗುವಷ್ಟು ಬಿರುಕು ಬಿಡುತ್ತದೆ, ಇಳಿದ ನೀರನ್ನು ಸುಲಭಕ್ಕೆ ಬಿಡುವುದಿಲ್ಲ. ಅದೂ ಅಲ್ಲದೆ 1950ರ ದಶಕದಿಂದ ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಈ ಸೀಮೆಗೆ ಬಂತು, ಜೋಳದ ಹೊಲಗಳು ಭತ್ತದ ಗದ್ದೆಗಳಾದವು. ಅನ್ನ ಸಿಕ್ಕಿತು, ಸುಳ್ಳಲ್ಲ. ಆದರೆ ಕೆಲವು ಕಡೆ ನೆಲದಡಿ ನೀರು ಮೇಲೇರಿ, ಉಪ್ಪು ಹೊರಬಂದು, ಭೂಮಿ ಸವಳು-ಜವಳಾಯಿತು. ಇಲ್ಲಿ ಗಿಡ ಸಾಯುವುದು ನೀರಿಲ್ಲದ್ದಕ್ಕಿಂತ ನೀರು ಹೆಚ್ಚಾಗಿಯೇ ಹೆಚ್ಚು.

ಬೇರು ಕೂಡ ಉಸಿರಾಡುತ್ತದೆ. ನಿಂತ ನೀರಿನಲ್ಲಿ ಗಾಳಿ ಸಿಗದೆ ಕರಿಬೇವಿನ ಬೇರು ಕೊಳೆಯುತ್ತದೆ. ಬ್ಯಾಂಕಿನ ಭಾಷೆಯಲ್ಲಿ ಹೇಳುವುದಾದರೆ ಅದು ಮುದ್ದತ್ತು ಠೇವಣಿ. ಮೊದಲ ವರ್ಷ ಹದವಾಗಿ ನೀರು ಕೊಟ್ಟು, ಎಲೆ ಕೀಳದೆ ಬಿಡಬೇಕು. ಬೇರು ಆಳಕ್ಕೆ ಇಳಿದ ಮೇಲೆ ಮಣ್ಣು ಎರಡು ಬೆರಳಿನ ಆಳಕ್ಕೆ ಒಣಗಿದಾಗ ಮಾತ್ರ ನೀರು ಕೊಟ್ಟರೆ ಸಾಕು. ಚಳಿಗಾಲದಲ್ಲಿ ಅದು ಚಿಗುರುವುದೇ ಕಡಿಮೆ. ಆಗಲೂ ಕೊಡ ಸುರಿಯುವುದು ಮಲಗಿದವರ ಬಾಯಿಗೆ ಅನ್ನ ತುರುಕಿದಂತೆ.

ಮಲ್ಲಿಗೆ ಚಾಲ್ತಿ ಖಾತೆ. ದಿನಾ ಹೂ ಕೊಡುವ ಕಾಲದಲ್ಲಿ ನೀರನ್ನೂ ಕೇಳುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ನಮ್ಮಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ. ಅದೇ ಮಲ್ಲಿಗೆಯ ಸುಗ್ಗಿ. ಕುಂಡದ ಗಿಡಕ್ಕೆ ಆಗ ದಿನವೂ ನೀರು ಬೇಕು. ಮಸಾರಿಯಲ್ಲಿರುವುದಕ್ಕೆ ಎರಡು ಮೂರು ದಿನಕ್ಕೊಮ್ಮೆ ಬೇಕು. ಎರೆಯಲ್ಲಿ ವಾರದವರೆಗೂ ತಡೆದೀತು. ಹಾಗೆಂದು ಮಲ್ಲಿಗೆಗೂ ಕೆಸರು ಬೇಡ. ಬಿಸಿಲಂತೂ ಎರಡಕ್ಕೂ ಬೇಕು. ಬೇವಿನ ಮರದ ನೆರಳಿನಲ್ಲಿ ಮಲ್ಲಿಗೆ ನೆಟ್ಟು ಹೂವಿಗೆ ಕಾಯುವುದು ವ್ಯರ್ಥ.

ಕತ್ತರಿಯ ವಿಷಯದಲ್ಲಿ ಎರಡಕ್ಕೂ ಅಜಗಜಾಂತರ. ಮಲ್ಲಿಗೆ ಮೊಗ್ಗು ಬರುವುದು ಹೊಸ ಚಿಗುರಿನಲ್ಲಿ. ಆದ್ದರಿಂದ ನವೆಂಬರ್ ಕೊನೆಗೆ ನೀರು ಕಡಿಮೆ ಮಾಡಿ, ನೆಲದಿಂದ ಒಂದೂವರೆ ಅಡಿ ಬಿಟ್ಟು ಇಡೀ ಗಿಡವನ್ನು ಕತ್ತರಿಸಬೇಕು. ನೋಡಿದವರು ‘ಅಯ್ಯೋ, ಗಿಡ ಕೊಂದ್ರಿ’ ಅನ್ನುತ್ತಾರೆ, ಅನ್ನಲಿ. ಕೊಟ್ಟಿಗೆ ಗೊಬ್ಬರ ಹಾಕಿ ಮತ್ತೆ ನೀರು ಕೊಡಲು ಶುರು ಮಾಡಿದರೆ ಮಾರ್ಚ್ ಹೊತ್ತಿಗೆ ಮೊಗ್ಗು. ಹೊಳೆಯಾಚೆಯ ಹೂವಿನಹಡಗಲಿ ಮಲ್ಲಿಗೆಗೇ ಹೆಸರಾದ ಊರು. ಅಲ್ಲಿನ ಮಲ್ಲಿಗೆಗೆ ಮೈಸೂರು, ಉಡುಪಿ ಮಲ್ಲಿಗೆಗಳಂತೆ ಭೌಗೋಳಿಕ ಗುರುತು ಸಿಕ್ಕಿದೆ. ಕರಿಬೇವಿಗೆ ಇಂಥ ಬೋಳು ಕ್ಷೌರ ಬೇಡ. ವರ್ಷವಿಡೀ ತುದಿ ಚಿವುಟುತ್ತಿದ್ದರೆ ಪಕ್ಕದಲ್ಲಿ ಕವಲೊಡೆಯುತ್ತದೆ. ಮಲ್ಲಿಗೆಯಲ್ಲಿ ಹೂವಿಗಾಗಿ ಕಾಯುವ ನಾವೇ ಎಳೆಯ ಕರಿಬೇವಿನ ಹೂಗೊಂಚಲನ್ನು ಮುರಿದು ಹಾಕಬೇಕು. ಇಲ್ಲದಿದ್ದರೆ ಗಿಡದ ಶಕ್ತಿ ಎಲೆ ಬಿಟ್ಟು ಹಣ್ಣಿಗೆ ಹೋಗುತ್ತದೆ. ಬೀಜ ಬೇಕಿದ್ದರೆ ಒಂದೇ ಗೊಂಚಲು ಬಿಡಿ. ಕಪ್ಪಾದ ಹಣ್ಣಿನ ಬೀಜವನ್ನು ಕೂಡಲೇ ಬಿತ್ತಬೇಕು, ಕಟ್ಟಿಟ್ಟರೆ ಕೆಲವೇ ವಾರಗಳಲ್ಲಿ ಮೊಳೆಯುವ ಶಕ್ತಿ ಹೋಗುತ್ತದೆ. ದುಂಡುಮಲ್ಲಿಗೆಗೆ ಬೀಜದ ಗೊಡವೆಯೇ ಇಲ್ಲ. ನೆಲಕ್ಕೆ ಬಾಗಿಸಿ ಮಣ್ಣು ಮುಚ್ಚಿದ ಬಳ್ಳಿ ಬೇರು ಬಿಡುತ್ತದೆ.

ಇಷ್ಟಾದ ಮೇಲೆ ನಾವಿಬ್ಬರೂ ಮಣ್ಣಿನ ವಿನಿಮಯ ಮಾಡಿಕೊಂಡೆವು. ಸಿಂಧನೂರಿನಿಂದ ಅರ್ಧ ಚೀಲ ಎರೆಮಣ್ಣು ಹೊತ್ತು ಬಸ್ಸು ಹತ್ತಿದೆ. ಕಂಡಕ್ಟರ್ ಚೀಲ ಮುಟ್ಟಿ ನೋಡಿ ‘ಏನ್ರಿ ಹಿರಿಯರ, ಮಣ್ಣಿಗೂ ಲಗೇಜಾ?’ ಎಂದು ನಕ್ಕ. ದಾರಿಯಲ್ಲಿ ಸಿಗುವ ಮಸ್ಕಿಯಲ್ಲಿ 1915ರಲ್ಲಿ ಅಶೋಕನ ಹೆಸರಿರುವ ಬಂಡೆ ಶಾಸನ ಸಿಕ್ಕಿತ್ತಲ್ಲ, ಅದೇ ಅಶೋಕ ಇನ್ನೊಂದು ಶಾಸನದಲ್ಲಿ ಔಷಧದ ಗಿಡಗಳು ಇಲ್ಲದ ಕಡೆಗೆ ತರಿಸಿ ನೆಡಿಸಿದೆನೆಂದು ಬರೆಸಿದ್ದಾನೆ. ಚಕ್ರವರ್ತಿ ಗಿಡ ಸಾಗಿಸಿದ, ನಾನು ಮಣ್ಣು ಸಾಗಿಸಿದೆ!

ಲಿಂಗಸುಗೂರಿನಲ್ಲಿ ಮಲ್ಲಿಗೆಯ ಬುಡಕ್ಕೆ ಎರೆ ಮತ್ತು ಗೊಬ್ಬರ ಬೆರೆಸಿ, ಮೇಲೆ ಒಣ ಎಲೆ ಹೊದಿಸಿದೆವು, ತೇವ ನಿಲ್ಲತೊಡಗಿತು. ಬರುವಾಗ ಚೀಲದಲ್ಲಿ ಮಸಾರಿ ಬಂತು. ಇಲ್ಲಿ ಇಟ್ಟಿಗೆ ಕಟ್ಟಿ, ನೆಲಕ್ಕಿಂತ ಒಂದೂವರೆ ಅಡಿ ಎತ್ತರದ ಪುಟ್ಟ ಕಟ್ಟೆ ಮಾಡಿ, ಮಸಾರಿ, ಮರಳು, ಗೊಬ್ಬರ ತುಂಬಿ ಕರಿಬೇವು ನೆಟ್ಟೆ. ಎರೆಯಲ್ಲಿ ಸುಣ್ಣದಂಶ ಹೆಚ್ಚಿರುವಾಗ ಕಬ್ಬಿಣದಂಶ ಇದ್ದರೂ ಬೇರಿಗೆ ದಕ್ಕುವುದಿಲ್ಲ. ನರಗಳು ಹಸಿರಾಗಿದ್ದು ನಡುವೆ ಎಲೆ ಹಳದಿಯಾದರೆ ಅದೇ ಗುರುತು. ಲೀಟರ್ ನೀರಿಗೆ 5 ಗ್ರಾಂ ಅನ್ನಭೇದಿ ಕರಗಿಸಿ ದೊಡ್ಡವರು ಸಿಂಪಡಿಸಬೇಕು, ಆಮೇಲೆ ಕೆಲವು ದಿನ ಎಲೆ ಕೀಳಬಾರದು. ಎರಡನೇ ಮಳೆಗಾಲ ಕಳೆದಿದೆ. ನಮ್ಮ ಕರಿಬೇವು ಎದೆಮಟ್ಟ ದಾಟಿ ಹೆಗಲಿಗೆ ಬಂದಿದೆ.

ಈಗ ಹೊಸ ತಕರಾರು. ರಜೆಗೆ ಬಂದ ಮೊಮ್ಮಗಳು ಕರಿಬೇವಿನ ಎಲೆಯ ಮೇಲೆ ಹಕ್ಕಿಯ ಹಿಕ್ಕೆಯಂಥದ್ದು ಕಂಡಳು. ಅದು ಹರಿದಾಡಿತು! ಕರಿಬೇವು ನಿಂಬೆಯ ಬಳಗದ ಗಿಡ, ನಿಂಬೆಯೆಲೆ ತಿನ್ನುವ ಚಿಟ್ಟೆಯ ಮರಿಗಳು ಇದಕ್ಕೂ ಬರುತ್ತವೆ. ದೊಡ್ಡದಾದ ಮೇಲೆ ಹಸಿರಾಗುತ್ತವೆ. ಮುಟ್ಟಿದರೆ ತಲೆಯಿಂದ ಕೆಂಪು ಕೋಡು ಚಾಚಿ ವಾಸನೆ ಬಿಡುತ್ತವೆ. ಅಜ್ಜಿ ಹುಳು ತೆಗೆದು ಎಸೆಯಲು ಹೊರಟರೆ ಮೊಮ್ಮಗಳು ಅಡ್ಡ ನಿಂತಳು. ಕೊನೆಗೆ ಕಾಂಪೌಂಡಿನ ಕಡೆಯ ಒಂದು ಕೊಂಬೆಗೆ ಕೆಂಪು ದಾರ ಕಟ್ಟಿ, ಅದು ಚಿಟ್ಟೆಗಳ ಪಾಲು ಎಂದು ತೀರ್ಮಾನವಾಯಿತು. ಅವಳು ಊರಿಗೆ ಹೋಗಿ ವಾರವಾಯಿತು. ಆ ಕೊಂಬೆಯಲ್ಲಿ ಎಲೆ ಉಳಿದಿಲ್ಲ, ನಾಲ್ಕು ಹುಳು ಇವೆ. ಹೆಂಡತಿ ಒಗ್ಗರಣೆಗೆ ಪಕ್ಕದ ಕೊಂಬೆಯಿಂದ ಎರಡೇ ಎಸಳು ಮುರಿಯುತ್ತಾಳೆ, ಬಯ್ದುಕೊಳ್ಳುತ್ತಲೇ.